ಆರು ದಿನವಲ್ಲ, ಕಾಲು ಗಂಟೆ

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು. ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೆಯ ದಿನ, ಸುಮಾರು 25 ಅಡಿ ಆಳದಲ್ಲಿ, ಉಸಿರಾಡುತ್ತಲೇ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ನಾಡೆಲ್ಲ ಅವರಿಗಾಗಿ ಹರಕೆ ಹೊತ್ತಿತ್ತು.

ಆ ಆರು ದಿನಗಳು ಅಪರೂಪದಲ್ಲಿ ಅಪರೂಪ. ಹಿಮದಡಿ ಸಿಕ್ಕವರನ್ನು ಮೊದಲ ಕಾಲು ಗಂಟೆಯೊಳಗೆ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿದರೆ ದೊಡ್ಡದು. ಹೆಲಿಕಾಪ್ಟರ್ ಬರುವವರೆಗೆ ಕಾಯುವಷ್ಟು ಹೊತ್ತು ಇರುವುದಿಲ್ಲ. ಉಳಿಸಬೇಕಾದವರು ಪಕ್ಕದಲ್ಲಿ ನಡೆಯುತ್ತಿದ್ದ ಸಂಗಡಿಗರೇ. ಅದಕ್ಕೆ ಪ್ರತಿಯೊಬ್ಬರ ಮೈಮೇಲೆ ಸಂಕೇತ ಕಳಿಸುವ ಬೀಕನ್, ಚೀಲದಲ್ಲಿ ಹಿಮ ಚುಚ್ಚಿ ಹುಡುಕುವ ಕೋಲು ಮತ್ತು ಸಲಿಕೆ ಇರಬೇಕು, ಬಳಸಿ ರೂಢಿಯಾಗಿರಬೇಕು.

ಈ ಅಪಾಯ ಯೋಧರಿಗಷ್ಟೇ ಅಲ್ಲ. ನಮ್ಮ ಬಿಸಿಲ ನಾಡಿನ ಅಂದೋಲಾ, ಜೇವರ್ಗಿ, ಆಳಂದ, ಅಫಜಲಪುರದಿಂದ ಬೆಂಗಳೂರಿಗೆ ಓದಲು, ದುಡಿಯಲು ಹೋದ ನಮ್ಮ ಮಕ್ಕಳು ಚಳಿಗಾಲದ ಹಿಮಾಲಯ ಚಾರಣಕ್ಕೆ ಹೆಸರು ಕೊಡುತ್ತಿದ್ದಾರೆ. ಹೋಗಲಿ, ನಾಡು ನೋಡಲಿ. ಆದರೆ ಬಿಸಿಲಿನ ಗುಣ ಬಲ್ಲ ನಮಗೆ ಹಿಮದ ಗುಣ ತಿಳಿಯದು. ರಾತ್ರಿಯೆಲ್ಲ ಹಿಮ ಸುರಿದು ಮರುದಿನ ಆಕಾಶ ತಿಳಿಯಾಗಿ ಬಿಸಿಲು ಬಿದ್ದರೆ ನಮ್ಮವರಿಗೆ ಅದು ನಡೆಯಲು ಒಳ್ಳೆಯ ದಿನ. ಅದೇ ಅಪಾಯದ ದಿನ. ಹಳೆಯ ಹಿಮದ ಒಡಲಲ್ಲಿ ಸಕ್ಕರೆಯಂತೆ ಒಂದಕ್ಕೊಂದು ಅಂಟದ ಹರಳುಗಳ ಪದರವಿದ್ದರೆ, ಮೇಲಿನ ಹೊಸ ಹಿಮದ ಭಾರಕ್ಕೆ, ಒಬ್ಬರ ಹೆಜ್ಜೆಗೆ ಕೂಡ, ಇಡೀ ಇಳಿಜಾರು ಕಳಚಿ ಬರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಇದು ಹೆಚ್ಚು. ಕಾಲಡಿ ಹಿಮ ‘ಧಬ್’ ಎಂದು ಕುಸಿದ ಸದ್ದಾದರೆ, ಹೆಜ್ಜೆಯ ಸುತ್ತ ಬಿರುಕು ಓಡಿದರೆ, ಮುಂದೆ ಹೋಗಲೇಬಾರದು.

ಕಲಿತವರಿಗೂ ಬೆಟ್ಟ ರಿಯಾಯಿತಿ ಕೊಡುವುದಿಲ್ಲ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡವೇ ಹಿಮಕುಸಿತಕ್ಕೆ ಸಿಕ್ಕಿತು; ಬಲಿಯಾದವರಲ್ಲಿ ಕರ್ನಾಟಕದವರೂ ಇದ್ದರು. 2024ರ ಜೂನ್‌ನಲ್ಲಿ ಸಹಸ್ರತಾಲ್‌ನಿಂದ ಮರಳುತ್ತಿದ್ದ ಕರ್ನಾಟಕದ ತಂಡದ ಒಂಬತ್ತು ಮಂದಿಯನ್ನು ಕೊಂದದ್ದು ಕುಸಿತವಲ್ಲ, ಹಿಮಗಾಳಿ. ಎರಡಕ್ಕೂ ಮದ್ದು ಒಂದೇ: ಹೊರಡುವ ಮುನ್ನ ಮುನ್ಸೂಚನೆ ನೋಡುವುದು, ಕೆಟ್ಟಿದ್ದರೆ ಹಿಂದಿರುಗುವುದು. ರಕ್ಷಣಾ ಸಂಶೋಧನಾ ಸಂಸ್ಥೆಯ ಚಂಡೀಗಢದ ಘಟಕ ಚಳಿಗಾಲದಲ್ಲಿ ಹಿಮಾಲಯದ ಜಿಲ್ಲೆಗಳಿಗೆ ಹಿಮಕುಸಿತದ ಎಚ್ಚರಿಕೆ ಹೊರಡಿಸುತ್ತದೆ. ಅದನ್ನು ಕನ್ನಡದಲ್ಲಿ ತಲುಪಿಸುವ ಏರ್ಪಾಟನ್ನು ನಮ್ಮ ಸರ್ಕಾರ ಮಾಡಬೇಕು.

ಮಗ, ಮಗಳು ಚಾರಣದ ಮಾತೆತ್ತಿದಾಗ ತಂದೆ ತಾಯಿ ಸಂಘಟಕರನ್ನು ಕೇಳಲಿ: ದಾರಿಯಲ್ಲಿ ಕಡಿದಾದ ಹಿಮದ ಇಳಿಜಾರು ಇದೆಯೇ? ಬೀಕನ್, ಕೋಲು, ಸಲಿಕೆ ತಲೆಗೊಂದರಂತೆ ಕೊಡುತ್ತೀರಾ? ಹಿಂದಿರುಗುವ ತೀರ್ಮಾನ ಯಾರದು? ನೇರ ಉತ್ತರ ಸಿಗದಿದ್ದರೆ ಮುಂಗಡ ಕೊಡಬೇಡಿ.