ನಗಿಸುವ ಕಥೆಗೂ ಕನ್ನಡದ ಬಾಗಿಲು ತೆರೆದಿರಲಿ



ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕನ್ನಡದಲ್ಲಿ ಹೇಳುವ ಕಥೆಗಳು ಬಹುಮಟ್ಟಿಗೆ ಒಂದೇ ಜಾತಿಯವು. ಆಮೆ ಗೆಲ್ಲುತ್ತದೆ, ಸುಳ್ಳು ಹೇಳಿದವನಿಗೆ ಶಿಕ್ಷೆಯಾಗುತ್ತದೆ, ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪದೆ ನಡೆಯುತ್ತಾಳೆ. ಕಥೆ ಮುಗಿದೊಡನೆ 'ಇದರಿಂದ ಏನು ಕಲಿತೆ?' ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಅದೇ ಮಗು ಮಲಗುವ ಮುನ್ನ ರಾಜಕುಮಾರಿಯರ, ಕಡಲುಗಳ್ಳರ, ಮಾಟಗಾತಿಯರ ಕಥೆಗಳನ್ನು ಇಂಗ್ಲಿಷಿನಲ್ಲಿ ಓದಿ ಬಿದ್ದು ಬಿದ್ದು ನಗುತ್ತದೆ. ಬುದ್ಧಿವಾದವೆಲ್ಲ ಕನ್ನಡದ ಪಾಲಿಗೆ, ನಗುವೆಲ್ಲ ಇಂಗ್ಲಿಷಿನ ಪಾಲಿಗೆ ಬಂದಿದೆ. ಈ ಹಂಚಿಕೆ ಕನ್ನಡಕ್ಕೆ ಹಾನಿಕರವೆಂಬುದು ನಮ್ಮ ಅಭಿಪ್ರಾಯ.

ನಾವು ನೆಲೆಸಿರುವ ಈ ನಾಡು ನಗಿಸುವ ಕಥೆಗೆ ಎಂತಹ ಗೌರವ ಕೊಟ್ಟಿದೆಯೆಂಬುದನ್ನು ನೋಡಬೇಕು. 1936ರಲ್ಲಿ ಫಾಕಟಾನೆಯಲ್ಲಿ ಜನಿಸಿದ ಮಾರ್ಗರೆಟ್ ಮಾಹಿ ಗ್ರಂಥಪಾಲಕಿಯಾಗಿ ದುಡಿಯುತ್ತ, ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತ ಕಥೆಗಳನ್ನು ಬರೆದವರು. ಬಣ್ಣಬಣ್ಣದ ಟೋಪನ್ ಧರಿಸಿ ಶಾಲೆಗಳಿಗೆ ಹೋಗಿ ಮಕ್ಕಳನ್ನು ರಂಜಿಸಿದವರು. ಅವರ ಒಂದು ಪುಸ್ತಕದಲ್ಲಿ ಕಚೇರಿಯ ಗುಮಾಸ್ತನೊಬ್ಬನು ಹಿಂದೆ ಕಡಲುಗಳ್ಳಿಯಾಗಿದ್ದ ತನ್ನ ತಾಯಿಯನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಸಮುದ್ರ ತೋರಿಸಲು ಹೊರಡುತ್ತಾನೆ. 2006ರಲ್ಲಿ ಅವರಿಗೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಸಂದಿತು. 2012ರಲ್ಲಿ ಅವರು ತೀರಿಕೊಂಡರು. ಭೂಕಂಪದಿಂದ ಜರ್ಜರಿತವಾದ ಕ್ರೈಸ್ಟ್‌ಚರ್ಚ್ ನಗರವು ತನ್ನ ನಡುವೆ ಮಕ್ಕಳಿಗಾಗಿ ನಿರ್ಮಿಸಿ 2015ರಲ್ಲಿ ತೆರೆದ ವಿಶಾಲ ಆಟದಂಗಳಕ್ಕೆ ಅವರದೇ ಹೆಸರನ್ನಿಟ್ಟಿದೆ.

ಅವರ 'ದಿ ಚೇಂಜೋವರ್' ಕಾದಂಬರಿ 1984ರಲ್ಲಿ ಪ್ರಕಟವಾಗಿ ಕಾರ್ನೆಗಿ ಪದಕ ಪಡೆಯಿತು. ಅಂಗಡಿ, ಶಾಲೆ, ಆಸ್ಪತ್ರೆಗಳಿರುವ ಇಲ್ಲಿಯ ಸಾಧಾರಣ ಬಡಾವಣೆಯಲ್ಲಿ ನಡೆಯುವ ಅದ್ಭುತಕಥೆಯದು. ಹದಿನಾಲ್ಕರ ಲಾರಾಳ ಪುಟ್ಟ ತಮ್ಮನ ಕೈಗೆ ಒಬ್ಬ ದುಷ್ಟನು ಮುದ್ರೆಯೊತ್ತಿ ಅವನ ಪ್ರಾಣಶಕ್ತಿಯನ್ನು ಹೀರತೊಡಗುತ್ತಾನೆ. ಮಗು ಆಸ್ಪತ್ರೆ ಸೇರುತ್ತದೆ; ವೈದ್ಯರಿಗೆ ರೋಗವೇ ತಿಳಿಯುವುದಿಲ್ಲ. ಕೊನೆಗೆ ಲಾರಾ ತಾನೇ ಮಾಟಗಾತಿಯಾಗಿ, ಅದೇ ಮುದ್ರೆಯ ಉಪಾಯದಿಂದಲೇ ಅವನನ್ನು ಸೋಲಿಸುತ್ತಾಳೆ. ಈ ಸಾಹಸದಲ್ಲಿ ಅವಳಿಗೆ ಜೊತೆಯಾಗುವ ತರುಣನೊಡನೆ ಪ್ರೇಮವೂ ಮೊಳೆಯುತ್ತದೆ, ಚುರುಕು ಮಾತಿನ ವಿನೋದವೂ ಹರಿಯುತ್ತದೆ. ವೈದ್ಯಕೀಯ ವೃತ್ತಿಯವರಾದ ನಮಗೆ ಈ ಕಥೆಯಲ್ಲಿ ವೈದ್ಯರು ಸೋತುದರ ಬಗ್ಗೆ ಬೇಸರವಿಲ್ಲ. ಭಯವನ್ನು ಎದುರಿಸುವ ಬಗೆಯನ್ನು ಮಗು ಮೊದಲು ಕಥೆಯಲ್ಲಿಯೇ ಅಭ್ಯಾಸ ಮಾಡುತ್ತದೆ. ಆ ಕೆಲಸಕ್ಕೆ ನಮ್ಮಲ್ಲಿ ಔಷಧವಿಲ್ಲ.

ಇಂತಹ ಕಥೆಗಳು ಕನ್ನಡದಲ್ಲಿ ಇಲ್ಲವೆಂದು ಭಾವಿಸಬಾರದು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕರ್ನಾಟಕದ ಒಂದು ಜನಪದ ಕಥೆಯನ್ನೇ ನೋಡಿ. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು, ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಉಸಿರುಗಟ್ಟಿದ ಕಥೆಯೂ ಹಾಡೂ ಆಕೆ ಬಾಯಿ ತೆರೆದು ನಿದ್ರಿಸುವಾಗ ಹೊರಬಿದ್ದು, ಕಥೆಯು ಗಂಡಸರ ಜೋಡುಗಳಾಗಿ ಹೊಸ್ತಿಲಲ್ಲಿ ಕುಳಿತಿತು, ಹಾಡು ಅಂಗಿಯಾಗಿ ಗೂಟಕ್ಕೆ ಜೋತಿತು. ಮನೆಗೆ ಬಂದ ಗಂಡನಿಗೆ ಸಂಶಯ. ಜಗಳವಾಡಿ ಹನುಮಂತನ ಗುಡಿಗೆ ಹೋಗಿ ಮಲಗಿದ. ಇರುಳು ಊರಿನ ದೀಪಗಳ ಜ್ವಾಲೆಗಳು ಅಲ್ಲಿ ಹರಟೆಗೆ ಸೇರಿದವು. ತಡವಾಗಿ ಬಂದ ಜ್ವಾಲೆಯೊಂದರ ಬಾಯಿಂದ ಅವನಿಗೆ ನಿಜ ತಿಳಿಯಿತು. ಮರುದಿನ ಮನೆಗೆ ಹೋಗಿ ಆ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದರೆ ಆಕೆಗೆ ಎರಡೂ ಮರೆತುಹೋಗಿದ್ದವು.

ಈ ಜ್ವಾಲೆಗಳನ್ನು ಗಿರೀಶ ಕಾರ್ನಾಡರು 'ನಾಗಮಂಡಲ'ದಲ್ಲಿ ರಂಗಕ್ಕೆ ತಂದರು. ಆ ನಾಟಕವನ್ನು ಅವರು ಬರೆದದ್ದು ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಕಾಲದಲ್ಲಿ. ರಾಮಾನುಜನ್ ಅಧ್ಯಾಪಕರಾಗಿದ್ದುದೂ ಅಲ್ಲಿಯೇ. ಅಜ್ಜಿಯ ಕಥೆ ಏಳು ಸಮುದ್ರ ದಾಟಿದರೂ ಬಾಡಲಿಲ್ಲ; ಹೇಳುವವರೂ ಕೇಳುವವರೂ ಇದ್ದರೆಂಬುದೇ ಅದಕ್ಕೆ ಕಾರಣ.

ಕೆಲವರು ಕೇಳಬಹುದು: ವಾರಕ್ಕೊಮ್ಮೆ ದೊರೆಯುವ ಕನ್ನಡದ ಅಲ್ಪ ಸಮಯವನ್ನು ಹಾಸ್ಯಕ್ಕೆ ವ್ಯಯಿಸಬೇಕೆ? ಪ್ರೇಮದ ಪ್ರಸಂಗಗಳು ಮಕ್ಕಳಿಗೇಕೆ? ಮೊದಲ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಕ್ಷರ ಕಲಿತ ಮಗು ಪುಸ್ತಕವನ್ನು ತಾನಾಗಿ ಕೈಗೆತ್ತಿಕೊಳ್ಳುವುದು ಅಲ್ಲಿ ಏನಾದರೂ ಮೋಜು ಸಿಗುವುದೆಂಬ ನಂಬಿಕೆಯಿಂದ. ಎರಡನೆಯದಕ್ಕೆ ನಮ್ಮ ಉತ್ತರ ಇಷ್ಟೇ: ಬೆಳೆಯುವ ಮಕ್ಕಳು ಪ್ರೇಮದ ಬಗ್ಗೆ ಯೋಚಿಸಿಯೇ ತೀರುತ್ತಾರೆ. ಅದಕ್ಕೆ ಬೇಕಾದ ಒಂದು ಮಾತೂ ಕನ್ನಡದಲ್ಲಿ ಅವರ ಕಿವಿಗೆ ಬಿದ್ದಿರದಿದ್ದರೆ, ಆ ಯೋಚನೆಯೆಲ್ಲ ಇಂಗ್ಲಿಷಿನಲ್ಲಿ, ನಮ್ಮಿಂದ ದೂರದಲ್ಲಿ ನಡೆಯುತ್ತದೆ. ಅಜ್ಜ-ಅಜ್ಜಿಯರನ್ನು ವೈದ್ಯರಲ್ಲಿಗೆ ಕರೆತರುವ ಮೊಮ್ಮಕ್ಕಳು 'ಎಲ್ಲಿ ನೋವು?' ಎಂದು ಕನ್ನಡದಲ್ಲಿ ಕೇಳಬಲ್ಲರು. ಹಿರಿಯರು ಹಾರಿಸಿದ ಚಟಾಕಿಗೆ ಮಾತ್ರ ಸುಮ್ಮನೆ ನಿಲ್ಲುತ್ತಾರೆ. ನೋವು ಅರ್ಥವಾಗಿ ನಗು ಅರ್ಥವಾಗದ ಭಾಷೆ ಎಷ್ಟು ಕಾಲ ಮನೆಯ ಭಾಷೆಯಾಗಿ ಉಳಿದೀತು?

ಆದಕಾರಣ ನಮ್ಮ ಸಲಹೆಗಳು ಸರಳ. ಕನ್ನಡ ತರಗತಿಯ ಕೊನೆಯ ಹದಿನೈದು ನಿಮಿಷ ಕಥೆಗೆ ಮೀಸಲಿರಲಿ. ಬಳಿಕ ನೀತಿಯ ಪ್ರಶ್ನೆ ಬೇಡ. ಇಲ್ಲಿ ರಾತ್ರಿ ಎಂಟಾದಾಗ ಕರ್ನಾಟಕದಲ್ಲಿ ಮಧ್ಯಾಹ್ನದ ಊಟದ ಹೊತ್ತು. ಊಟ ಮುಗಿಸಿ ಕುಳಿತ ಅಜ್ಜಿಗೆ ವಿಡಿಯೋ ಕರೆ ಮಾಡಿ, ಆರೋಗ್ಯ ವಿಚಾರಿಸಿದ ಮೇಲೆ ರಾಕ್ಷಸನ ಪ್ರಾಣವಿದ್ದ ಗಿಳಿಯ ಕಥೆ ಕೇಳಿರಿ. ಗ್ರಂಥಾಲಯದಿಂದ ಮಾಹಿಯವರ ಪುಸ್ತಕ ತಂದು, ಪುಟ ನೋಡುತ್ತ ನಿಮ್ಮ ಊರಿನ ಕನ್ನಡದಲ್ಲಿ ಹೇಳಿರಿ. ಧಾರವಾಡದ ಕಡಲುಗಳ್ಳಿಗೂ ಮಂಗಳೂರಿನ ಕಡಲುಗಳ್ಳಿಗೂ ಬೈಗುಳ ಬೇರೆಯಾದರೆ ಮಕ್ಕಳಿಗೆ ಲಾಭವೇ.

ಮಾಹಿಯವರ ಮೊದಲ ಪುಸ್ತಕಗಳಲ್ಲೊಂದು ಹುಲ್ಲುಗಾವಲಿನ ಸಿಂಹದ ಕಥೆ. ಸಿಂಹವಿದೆಯೆಂದು ಅಂಜಿದ ಮಗನಿಗೆ ತಾಯಿ ಬೆಂಕಿಪೊಟ್ಟಣ ಕೊಟ್ಟು, ಇದರಲ್ಲಿ ಪುಟ್ಟ ಡ್ರ್ಯಾಗನ್ ಇದೆಯೆನ್ನುತ್ತಾಳೆ; ಅದು ನಿಜವೇ ಆಗಿಬಿಡುತ್ತದೆ. 1969ರ ಪುಸ್ತಕದಲ್ಲಿ ಆ ತಾಯಿ ಮತ್ತೆಂದೂ ಕಥೆ ಕಟ್ಟಲಿಲ್ಲವೆಂಬ ಮುಕ್ತಾಯವಿತ್ತು. ಮುಂದಿನ ಆವೃತ್ತಿಯಲ್ಲಿ ಮಾಹಿ ಅದನ್ನು ಬದಲಿಸಿದರು. ಕಥೆ ನಿಲ್ಲಿಸಿದ ತಾಯಿಯ ಚಿತ್ರ ನಮ್ಮ ಮನೆಗಳಿಗೂ ಒಪ್ಪುವಂಥದ್ದಲ್ಲ. ಈ ವಾರಾಂತ್ಯ ಒಂದು ಕಥೆಯಿಂದ ಆರಂಭಿಸೋಣ.