ಬದುವೂ ತಂತ್ರಾಂಶವೂ

ಸಾಲಗುಂದದ ರೈತ ಗದ್ದೆಗೆ ನೀರು ಬಿಡುವ ಮುನ್ನ ಬದುವನ್ನೊಮ್ಮೆ ಸುತ್ತಿ ನೋಡುತ್ತಾನೆ. ಬದು ಒಡೆದರೂ ಮಣ್ಣು ಹಾಕಿ ಮುಚ್ಚಬಹುದು. ಬಾನಿಗೆ ಹಾರಿದ ಯಂತ್ರದ ತಂತ್ರಾಂಶ ತಪ್ಪಿದರೆ?

1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ ಸುಮಾರು 40 ಸೆಕೆಂಡಿನಲ್ಲೇ ಸಿಡಿಯಿತು. ಏರಿಯಾನ್-4ರ ತಂತ್ರಾಂಶವನ್ನು ಹೊಸ ಪಥಕ್ಕೆ ಪರೀಕ್ಷಿಸದೆ ಬಳಸಿದ್ದರು. 32,767ನ್ನು ಮೀರಿದ ಸಂಖ್ಯೆ ಅದರಲ್ಲಿ ಹಿಡಿಸಲಿಲ್ಲ.

ದೊಡ್ಡವರದೇ ಹೀಗಾದರೆ ಸಣ್ಣ ತಂಡದ ಪಾಡೇನು? ಬೆಂಗಳೂರು, ಹೈದರಾಬಾದಿನ ಏಳು ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗಿಂತ ಹಗುರವಾದ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಕಕ್ಷೆ ಸೇರಿತು. ಇಂಥ ತಂಡಗಳು ಕಡತದ ರಾಶಿಯನ್ನು ಕಡಿಮೆ ಮಾಡಿಕೊಳ್ಳಬಹುದು. ಆದರೆ ಮೂರನ್ನು ಬಿಡುವಂತಿಲ್ಲ: ಬೇಕಾದುದನ್ನು ಮೊದಲೇ ಬರೆದಿಡುವುದು, ಒಬ್ಬ ಬರೆದುದನ್ನು ಇನ್ನೊಬ್ಬ ಓದುವುದು, ಬದಲಿಸಿದಾಗಲೆಲ್ಲ ಮರುಪರೀಕ್ಷೆ.

ಲೆಕ್ಕ ಬಿಡಿಸಿ ತಾಳೆ ನೋಡುವ ಮಗು ಈ ಪಾಠವನ್ನು ಆಗಲೇ ಅರ್ಧ ಕಲಿತಿದೆ.