ಹೊತ್ತದ ಬೆಂಕಿಯ ಪಾಠ

ಮರದೊಳಗೆ ಅಡಗಿದ ಬೆಂಕಿ ಶರಣರಿಗೆ ಪ್ರಿಯವಾದ ದೃಷ್ಟಾಂತ. ಅಕ್ಕಮಹಾದೇವಿಯ ವಚನದಲ್ಲಿಯೂ ಈ ಉಪಮೆಯಿದೆ. ಆದರೆ ಆ ಬೆಂಕಿಯನ್ನು ಹೊರತೆಗೆಯುವ ಶ್ರಮವನ್ನು ಬೆಂಕಿಪೊಟ್ಟಣದ ಕಾಲದವರು ಮರೆತಿದ್ದಾರೆ. ಒಣಕೋಲನ್ನು ಅಂಗೈಗಳ ನಡುವೆ ಹಿಡಿದು ಹಲಗೆಯ ಕುಳಿಯಲ್ಲಿ ಕಡೆಯುವವನಿಗೆ ಮೊದಲು ದೊರೆಯುವುದು ಬೆಂಕಿಯಲ್ಲ, ಅಂಗೈಯ ಬೊಕ್ಕೆ.

ಆಗ ಹೆಚ್ಚಿನವರು "ಮರ ಸರಿಯಿಲ್ಲ" ಎನ್ನುತ್ತಾರೆ. ಇಲ್ಲವೇ "ಬಲ ಸಾಲದು" ಎಂದು ಮತ್ತಷ್ಟು ತಿಕ್ಕುತ್ತಾರೆ. ಎರಡೂ ಅವಸರದ ತೀರ್ಮಾನಗಳೇ. ಸೋತ ಪ್ರಯತ್ನವು ತನ್ನ ಕಾರಣವನ್ನು ಹಲಗೆಯ ಮೇಲೆಯೇ ಬಿಟ್ಟುಹೋಗಿರುತ್ತದೆ.

ಕುಳಿಯಿಂದ ಉದುರಿದ ಪುಡಿಯನ್ನು ನೋಡಬೇಕು. ಅದು ತಿಳಿಕಂದು ಬಣ್ಣದ್ದಾಗಿ ಒರಟಾಗಿದ್ದರೆ ಮರ ಸವೆದಿದೆ, ಸಾಕಷ್ಟು ಕಾದಿಲ್ಲ. ವೇಗವೋ ಒತ್ತಡವೋ ಕಡಿಮೆಯಾಗಿದೆ. ಕಪ್ಪಾಗಿ ನವಿರಾಗಿದ್ದರೆ ದಾರಿ ಸರಿಯಿದೆ. ಕೋಲು ಕಿರ್ರೆಂದು ಸದ್ದುಮಾಡಿ ಕುಳಿ ಹೊಳೆಯುತ್ತಿದ್ದರೆ ಮೇಲ್ಮೈ ನಯವಾಗಿ ಘರ್ಷಣೆ ಕುಂದಿದೆ. ಅಲ್ಲಿ ಬಲಕ್ಕಿಂತ ಒಂದು ಚಿಟಿಕೆ ಮರಳು ಮೇಲು. ಮರ ಹಸಿಯಾಗಿದ್ದರೆ ಶ್ರಮವೆಲ್ಲ ನೀರನ್ನು ಆವಿಯಾಗಿಸುವುದರಲ್ಲೇ ಮುಗಿಯುತ್ತದೆ. ಹೊಗೆ ಬಂದೂ ಕೆಂಡ ಹುಟ್ಟದಿದ್ದರೆ ಕುಳಿಯ ಅಂಚಿನಲ್ಲಿ ಕೊರೆದ ಕಚ್ಚನ್ನು ಪರೀಕ್ಷಿಸಬೇಕು. ಬಿಸಿಪುಡಿ ಚೆದುರಿದರೆ ತಣ್ಣಗಾಗುತ್ತದೆ. ಕಚ್ಚಿನಲ್ಲಿ ಒಂದೆಡೆ ಕೂಡಿದರೆ ಕಣವು ಕಣವನ್ನು ಕಾಯಿಸಿ ಕೆಂಡವಾಗುತ್ತದೆ.

ಕೈ ನಿಂತರೂ ಬಿಸಿ ಇಳಿಯುತ್ತದೆ. ಕಡೆಯುವ ಕೈಗಳು ಕೋಲಿನಗುಂಟ ಕೆಳಕ್ಕೆ ಜಾರುವುದು ಸಹಜ. ಆದುದರಿಂದ ಆಫ್ರಿಕಾದ ಕಲಹರಿಯ ಸಾನ್ ಜನರಲ್ಲಿ ಇಬ್ಬರು ಸರದಿಯಂತೆ ಕಡೆಯುವುದುಂಟು: ಒಬ್ಬನ ಕೈ ಕೆಳಗೆ ಮುಟ್ಟುವಷ್ಟರಲ್ಲಿ ಇನ್ನೊಬ್ಬನ ಕೈ ಮೇಲೆ ಹಿಡಿದಿರುತ್ತದೆ. ತನ್ನ ಮಿತಿಯನ್ನರಿತವನು ನೆರವನ್ನು ಕೀಳೆಂದು ಬಗೆಯುವುದಿಲ್ಲ. ಕೆಂಡ ಹುಟ್ಟಿದ ಮೇಲೂ ನಾರು ತೇವವಾಗಿದ್ದರೆ, ಊದುವ ಉಸಿರು ಬಿರುಸಾದರೆ, ಪಟ್ಟ ಪಾಡೆಲ್ಲ ಬೂದಿ.

ಎಲ್ಲವನ್ನೂ ಒಮ್ಮೆಗೇ ಬದಲಿಸಿದವನಿಗೆ ಬೆಂಕಿ ಹೊತ್ತಿದರೂ ಏಕೆ ಹೊತ್ತಿತೆಂಬುದು ತಿಳಿಯದು. ಒಂದೊಂದನ್ನೇ ತಿದ್ದಿ ನೋಡುವವನಿಗೆ ಪ್ರತಿಯೊಂದು ಸೋಲೂ ಒಂದು ಉಪದೇಶ. ನಾಲ್ಕು ದಿನ ಪೂಜೆಗೆ ಕುಳಿತು, "ಮನಸ್ಸು ನಿಲ್ಲಲಿಲ್ಲ, ಇದು ನನಗೆ ಒಲಿಯದು" ಎಂದು ಏಳುವ ಸದ್ಭಕ್ತರೂ ಇದನ್ನು ನೆನೆಯುವುದು ಲೇಸು. ಮನ ಚೆದುರಿತೇ, ನಡುವೆ ಕೈ ನಿಂತಿತೇ, ಹಸಿಮರವನ್ನೇ ಕಡೆದದ್ದಾಯಿತೇ ಎಂದು ಮೊದಲು ನೋಡಿಕೊಳ್ಳಲಿ. ಮರದಲ್ಲಿ ಬೆಂಕಿಯೇ ಇಲ್ಲವೆಂಬ ಮಾತು ಆಮೇಲಿನದು.